ಓದಿನ ಬೆಲೆ ತೆತ್ತ ಬಿದಿರು

ಸರಕಾರಿ ಕಚೇರಿಯ ಫೈಲಿಗೆ ಕನ್ನಡದಲ್ಲಿ 'ಕಡತ' ಎನ್ನುತ್ತಾರೆ. ಇಂದು ಕಾಗದದ ಕಟ್ಟಿಗೆ ಅಂಟಿಕೊಂಡಿರುವ ಈ ಹೆಸರು ಮೂಲದಲ್ಲಿ ಕಾಗದದ್ದಲ್ಲ, ಬಟ್ಟೆಯದು. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಪದರ ಪದರವಾಗಿ ಮಡಿಚಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದಿತ್ತು. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆಗಳೆಲ್ಲ ಇದರಲ್ಲೇ ಇರುತ್ತಿದ್ದವು. ಶೃಂಗೇರಿ ಮಠದಲ್ಲಿ ಇಂಥ ನೂರಾರು ಕಡತಗಳು ದೊರೆತಿವೆ.

ಕಾವ್ಯ, ಶಾಸ್ತ್ರಗಳಿಗೆ ತಾಳೆಗರಿಯೇ ಆಧಾರ. ಒಂದು ಪ್ರತಿ ಮಾಡಲು ವಾರಗಟ್ಟಲೆ ಶ್ರಮ ಬೇಕಿದ್ದುದರಿಂದ ಪುಸ್ತಕ ಅಪರೂಪದ ವಸ್ತುವಾಗಿತ್ತು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಇಂದಿಗೂ ಹೆಸರಾಗಿ ಉಳಿದಿರುವುದು ಅದಕ್ಕಾಗಿಯೇ. ಊರಿಗೊಂದು ಓಲೆಕಟ್ಟು ಇದ್ದರೆ ಒಬ್ಬರು ಓದುತ್ತಿದ್ದರು, ಜಗಲಿ ತುಂಬ ಜನ ಕೇಳುತ್ತಿದ್ದರು.

ಹಾಗೆಂದು ಆ ಕಾಲವನ್ನು ಹೊಗಳುತ್ತ ಕೂರುವಂತಿಲ್ಲ. ಅಕ್ಷರ ಆಗ ಕೆಲವರ ಸ್ವತ್ತು. ಅದನ್ನು ಸಾಮಾನ್ಯರ ಮನೆಗೆ ತಂದದ್ದು ಅಚ್ಚಿನ ಯಂತ್ರ ಮತ್ತು ಅಗ್ಗದ ಕಾಗದ. ಪ್ರಶ್ನೆ ಇರುವುದು ಆ ಅಗ್ಗದ ಬೆಲೆ ತೆತ್ತವರು ಯಾರು ಎಂಬಲ್ಲಿ.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಯುರೋಪಿನಲ್ಲಿ ಕಾಗದ ಮಾಡುತ್ತಿದ್ದುದು ಹಳೆಯ ಚಿಂದಿ ಬಟ್ಟೆಯಿಂದ. ಅಚ್ಚಿನ ಕೆಲಸ ಬೆಳೆದಂತೆ ಚಿಂದಿ ಸಾಲದಾಯಿತು. 1800ರಲ್ಲಿ ಲಂಡನ್ನಿನ ಮಥಿಯಾಸ್ ಕೂಪ್ಸ್ ಎಂಬಾತ ಅಚ್ಚಾದ ಕಾಗದದ ಶಾಯಿ ತೆಗೆದು ಮತ್ತೆ ಕಾಗದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಉದ್ಯಮ ಬಹುಬೇಗ ದಿವಾಳಿಯಾಯಿತು. 1840ರ ದಶಕದಲ್ಲಿ ಜರ್ಮನಿಯಲ್ಲಿ ಮರವನ್ನು ಅರೆದು ತಿರುಳು ಮಾಡುವ ವಿಧಾನ ಬಂದ ಮೇಲೆ ಕಾಗದದ ಭಾರ ಕಾಡಿನ ಮೇಲೆ ಬಿತ್ತು. ಭಾರತದಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಬಿದಿರಿನಿಂದ ತಿರುಳು ತೆಗೆಯುವ ಪ್ರಯೋಗ ನಡೆಸಿತು. ಬಿದಿರು ಬೇಗ ಬೆಳೆಯುತ್ತದೆ, ಕಡಿದರೂ ಚಿಗುರುತ್ತದೆ. ಅದು ಮುಗಿಯದ ಸಂಪತ್ತೆಂದೇ ಎಲ್ಲರೂ ನಂಬಿದರು.

ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲೂ ದೊಡ್ಡ ಕಾರ್ಖಾನೆ ತಲೆಯೆತ್ತಿತು. ಉದ್ಯಮ ಬೆಳೆಯಲೆಂದು ಸರಕಾರ 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ ಬಿದಿರು ಕೊಡಲು ಒಪ್ಪಿತು. ಬುಟ್ಟಿ, ಮೊರ ಹೆಣೆದು ಬದುಕುವ ಮೇದಾರರು ಮಾರುಕಟ್ಟೆಯಲ್ಲಿ ಅದೇ ಬಿದಿರಿಗೆ ಇದರ ನೂರಾರು ಪಟ್ಟು ಕೊಡಬೇಕಿತ್ತು. ಕೆಲವು ವರ್ಷಗಳಲ್ಲಿ ದುಡ್ಡು ಕೊಟ್ಟರೂ ಬಿದಿರು ಸಿಗದಂತಾಯಿತು. ಮೇದಾರರು ಸರಕಾರಕ್ಕೆ ದೂರು ಕೊಟ್ಟರು. 1975ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಅಧ್ಯಯನದ ಕೆಲಸ ಬಂತು.

ಗಾಡ್ಗೀಳರು ಕಂಡ ಒಂದು ಸಂಗತಿ ಗಮನಾರ್ಹ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ದಟ್ಟ ಹೆಣಿಗೆ ಇರುತ್ತದೆ. ಅದನ್ನು ಕಡಿದು ಬುಡ ಚೊಕ್ಕಟ ಮಾಡಿದರೆ ಹೊಸ ಗಳಗಳು ಚೆನ್ನಾಗಿ ಏಳುತ್ತವೆ ಎಂಬ ನಂಬಿಕೆಯಿಂದ ಹಾಗೆಯೇ ಮಾಡಲಾಗುತ್ತಿತ್ತು. ಕಾಡಿನ ಅಂಚಿನ ಹಳ್ಳಿಗರು ಹೇಳಿದ್ದು ಬೇರೆ. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ; ಅದು ಹೋದರೆ ದನಕರು, ಕಾಡುಪ್ರಾಣಿಗಳು ಕಳಲೆಯನ್ನು ತಿಂದು ಮುಗಿಸುತ್ತವೆ. ಅಧ್ಯಯನದಲ್ಲಿ ಹಳ್ಳಿಗರ ಮಾತೇ ನಿಜವಾಯಿತು. ಅಷ್ಟರಲ್ಲಿ ಎಷ್ಟೋ ಮೆಳೆಗಳು ಬರಿದಾಗಿದ್ದವು.

ಬಿದಿರು ಕಡಿಮೆಯಾದಂತೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ಭದ್ರಾವತಿಯ ಕಾರ್ಖಾನೆಗೆಂದು 1980ರಲ್ಲಿ ಮಲೆನಾಡಿನ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು, ತೋಪುಗಳು ಮಾತ್ರ ಉಳಿದವು. 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸಬಾರದು, ಸಹಜ ಕಾಡು ಬೆಳೆಯಲು ಬಿಡಬೇಕು ಎಂದು ಮಲೆನಾಡಿನ ಜನ ಹೋರಾಟಕ್ಕಿಳಿದರು.

ಇಷ್ಟಾದರೂ ಓದುವುದನ್ನು ಬಿಡುವುದು ಇದಕ್ಕೆ ಪರಿಹಾರವಲ್ಲ. ಹಳೆಯ ಕಾಗದದ ತಿರುಳಿನಿಂದ ಮತ್ತೆ ಕಾಗದ ಮಾಡಬಹುದು. ಆದರೆ ನಾರು ಪ್ರತಿ ಬಾರಿಯೂ ಗಿಡ್ಡವಾಗುತ್ತ ಹೋಗುವುದರಿಂದ ಅದಕ್ಕೂ ಮಿತಿಯಿದೆ. ವಿದ್ಯುನ್ಮಾನ ಪುಸ್ತಕಕ್ಕೆ ಮರ ಬೇಡ, ಆದರೆ ಆ ಯಂತ್ರಕ್ಕೆ ಗಣಿಯಿಂದ ತೆಗೆದ ಲೋಹ ಬೇಕು, ವಿದ್ಯುತ್ ಬೇಕು. ಅದರಲ್ಲಿ ಹತ್ತಾರು ಪುಸ್ತಕ ಓದಿದವರಿಗಷ್ಟೇ ಅದು ಉಳಿತಾಯ.

ಎಲ್ಲಕ್ಕಿಂತ ಸುಲಭದ ದಾರಿ ಹಳೆಯದೇ: ಒಂದು ಪ್ರತಿ, ಹಲವು ಓದುಗರು. ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಜನರೇ ಕಟ್ಟುತ್ತಾರೆ. ಗ್ರಂಥಾಲಯದ ಪುಸ್ತಕ ನೂರು ಕೈ ದಾಟಿದರೆ ಅದಕ್ಕೆ ತಗುಲಿದ ಕಾಗದವನ್ನು ನೂರರಿಂದ ಭಾಗಿಸಿದಂತೆ. ಹಳೆ ಪುಸ್ತಕದಂಗಡಿಯಲ್ಲಿ ಕೊಂಡದ್ದು, ನೆರೆಮನೆಯಿಂದ ಎರವಲು ತಂದದ್ದು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಕಪಾಟಿನಲ್ಲಿ ಯಾರೂ ಮುಟ್ಟದೆ ಕುಳಿತ ಹೊಸ ಪುಸ್ತಕ ಮಾತ್ರ ಕಾಡಿಗೂ ನಷ್ಟ, ಓದಿಗೂ ನಷ್ಟ.

ಜಗಲಿಯ ಮೇಲೆ ಕುಳಿತು ಒಂದೇ ಓಲೆಕಟ್ಟನ್ನು ಆಲಿಸುತ್ತಿದ್ದವರಿಗೆ ಹಂಚಿಕೊಳ್ಳುವುದು ಅನಿವಾರ್ಯವಾಗಿತ್ತು. ಇಂದು ಅದು ಆಯ್ಕೆ. ಆ ಆಯ್ಕೆಯನ್ನು ಬಿದಿರು ಮುಗಿಯುವ ಮುನ್ನವೇ ಮಾಡಿಕೊಂಡಿದ್ದರೆ ಮೇದಾರರ ಕತ್ತಿಗೆ ಕೆಲಸ ತಪ್ಪುತ್ತಿರಲಿಲ್ಲ.