ಹಲ್ಲಿನ ಹುಳ ಮತ್ತ ಬಾಯಾಗಿನ ಉಗುಳು

ಹಲ್ಲು ಕೆಟ್ರ ನಾವು ‘ಹುಳ ಹತ್ಯದ’ ಅಂತೀವಿ. ಹುಳುಕು ಹಲ್ಲು ಅನ್ನೋ ಮಾತಿನಾಗೂ ಹುಳ ಅದ. ಇದು ಬರೇ ನಮ್ಮ ಕಡೆ ನಂಬಿಕಿ ಅಲ್ರಿ. ಸುಶ್ರುತಸಂಹಿತೆಯೊಳಗ ‘ಕೃಮಿದಂತಕ’ ಅಂತ ರೋಗದ ಹೆಸರದ. ಬ್ಯಾಬಿಲೋನಿಯಾದವರು ಹಲ್ಲಿನ ಹುಳದ ಮಂತ್ರಾನ ಮಣ್ಣಿನ ಹಲಗಿ ಮ್ಯಾಲೆ ಬರದಿಟ್ಟಿದ್ರು. 1728ರಾಗ ಪುಸ್ತಕ ಬರದ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ಮಾತ್ರ, ಹುಡುಕಿದ್ರೂ ಹುಳ ಸಿಗಲಿಲ್ಲ ಅಂತ ಹೇಳಿದರು.

ಹುಳ ಅಲ್ದಿದ್ರ ಮತ್ತೇನು? ಇದನ್ನ ತೋರಿಸಿದವರು ಬರ್ಲಿನ್ನಿನಾಗಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್. ಕಿತ್ತ ಹಲ್ಲನ್ನ ಉಗುಳು, ಬ್ರೆಡ್ ಕೂಡ ಬೆಚ್ಚಗ ಇಟ್ರು. ಹಲ್ಲಿನ ಸುಣ್ಣ ಕರಗಿತು. ಬ್ರೆಡ್ ಬದಲಿ ಮಾಂಸದ ಕೊಬ್ಬು ಇಟ್ರ ಕರಗಲಿಲ್ಲ. ಉಗುಳು ಕುದಿಸಿ ಇಟ್ರನೂ ಕರಗಲಿಲ್ಲ. ಅಂದ್ರ, ದ್ವಾಸಿ ಹಿಟ್ಟು ಹುಳಿ ಬರೋಹಂಗ ಬಾಯಾಗಿನ ಸೂಕ್ಷ್ಮಜೀವಿಗಳು ಹಿಟ್ಟು-ಸಕ್ಕರಿ ತಿಂದು ಹುಳಿ ಮಾಡತಾವ, ಆ ಹುಳಿ ಹಲ್ಲು ಕರಗಸ್ತದ. ಅವರ ಪುಸ್ತಕ 1890ರಾಗ ಇಂಗ್ಲಿಷಿನಾಗ ಬಂತು.

ಇಷ್ಟ ಕೇಳಿದ್ರ ಉಗುಳಿಂದೇ ತಪ್ಪು ಅನಸ್ತದ. ಆದ್ರ 1940ರ ದಶಕದಾಗ ಅಮೆರಿಕದ ರಾಬರ್ಟ್ ಸ್ಟೀಫನ್ ಹಲ್ಲಿನ ಮ್ಯಾಲಿನ ಪಾಚಿಯ ಹುಳಿ ಅಳದು ನೋಡಿದರು. ಸಕ್ಕರಿ ನೀರು ಮುಕ್ಕಳಿಸಿದ ಕೆಲವೇ ನಿಮಿಷದಾಗ ಹುಳಿ ಏರಿತು, ಅರ್ಧ-ಒಂದು ತಾಸಿನಾಗ ಮೆಲ್ಲಕ ಇಳೀತು. ಇಳಸೋದ್ರಾಗ ಉಗುಳಿನ ಪಾಲು ದೊಡ್ಡದು. ದಿನಕ್ಕ ಅರ್ಧದಿಂದ ಒಂದೂವರೆ ಲೀಟರ್ ತನಕ ಊರೋ ಉಗುಳು ಬಾಯಿ ತೊಳೀತದ, ಹುಳಿ ಮುರೀತದ, ಕರಗಿದ ಸುಣ್ಣದ ಅಂಶ ಹಲ್ಲಿಗೆ ತಿರುಗಿ ಕೊಡತದ.

ಈಗ ನಮ್ಮ ಮನ್ಯಾಗಿನ ಹಿರಿಯರ ಮಾತಿಗೆ ಬರೋಣು. ‘ಬಾಯಿ ಒಣಗತದವಾ’ ಅಂದ್ರ ‘ವಯಸ್ಸಾತು’ ಅಂತ ನಾವು ಸುಮ್ಮನಾಗತೀವಿ. ಆದ್ರ ಬರೇ ವಯಸ್ಸಿನಿಂದ ಬಾಯಿ ಅಷ್ಟು ಒಣಗೂದಿಲ್ಲ. ಹೆಚ್ಚಾಗಿ ಗುಳಗಿ ಕಾರಣ. ಬಿಪಿ, ಅಲರ್ಜಿ, ಖಿನ್ನತೆ, ಮೂತ್ರದ ತ್ರಾಸು, ಹಿಂಗ ಎಷ್ಟೋ ಔಷಧ ಉಗುಳು ಕಡಿಮಿ ಮಾಡತಾವ. ತಲಿ-ಕುತ್ತಿಗಿಗೆ ರೇಡಿಯೇಷನ್ ಆದ್ರನೂ ಹಂಗ ಆಗತದ. ಅದರ ಮ್ಯಾಲೆ ಒಸಡು ಸರದು ಹಲ್ಲಿನ ಬೇರು ಬಯಲಾಗಿರತದ. ಬೇರು ಮ್ಯಾಲಿನ ಬಿಳೀ ಕವಚಕ್ಕಿಂತ ಮೆತ್ತಗ, ಲಗೂನ ಕರಗತದ. ಎಪ್ಪತ್ತರ ತನಕ ಗಟ್ಟಿ ಇದ್ದ ಹಲ್ಲು ಒಂದೆರಡು ವರ್ಷದಾಗ ಬುಡಕ್ಕ ಕೆಡೂದು ಹಿಂಗ.

ಇದರಾಗ ನಾವು ಏನ್ ಮಾಡತೀವಿ? ಬಾಯಿ ಒಣಗೇದಂತ ಕಲ್ಲುಸಕ್ಕರಿ, ಪೆಪರಮೆಂಟ್ ಕೊಡತೀವಿ, ಸಿಹಿ ಚಾ ಗುಟುಕು ಗುಟುಕು ಕುಡಸ್ತೀವಿ. ತೊಳಿಯೋ ಉಗುಳಿಲ್ಲ, ಹುಳಿ ಮಾತ್ರ ದಿನಾ ಪೂರ್ತಿ ಅಲ್ಲೇ. ಬದಲಿಗೆ ಬರೇ ನೀರು ಆಗಾಗ ಕೊಡ್ರಿ. ಫ್ಲೋರೈಡ್ ಇರೋ ಪೇಸ್ಟಿನಿಂದ ಮುಂಜಾನೆ ಒಮ್ಮೆ, ಮಲಗೋ ಮುಂದ ಒಮ್ಮೆ ತಿಕ್ಕಸ್ರಿ, ಯಾಕಂದ್ರ ನಿದ್ದಿಯೊಳಗ ಉಗುಳು ಇನ್ನೂ ಕಡಿಮಿ. ಗುಳಗಿ ಮಾತ್ರ ನೀವಾಗೇ ಬಿಡಸಬ್ಯಾಡ್ರಿ. ಎಲ್ಲಾ ಗುಳಗಿ ಚೀಟಿ ಒಂದು ಚೀಲದಾಗ ಹಾಕ್ಕೊಂಡು ಹೋಗಿ, ‘ಇದರಾಗ ಬಾಯಿ ಒಣಗಿಸೋದು ಯಾವುದ್ರಿ?’ ಅಂತ ಡಾಕ್ಟರನ್ನ ಕೇಳ್ರಿ.