ಕೊಳ್ಳುವುದೋ, ಜೋಡಿಸುವುದೋ? ನಮ್ಮ ಮೇಜಿಗೆ ಗಣಕ ಬಂದ ಬಗೆ



ಓಲ್ಡ್ ರಾಜಿಂದರ್ ನಗರದಿಂದ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳೇ. ಐ.ಎ.ಎಸ್. ಪರೀಕ್ಷೆಗೆ ಓದಲೆಂದು ಹಾವೇರಿ, ಹಾಸನ, ಕಲಬುರಗಿಗಳಿಂದ ಬಂದ ಹುಡುಗ ಹುಡುಗಿಯರು ಊರಿನ ನೆನಪಿಗೆ ಒಂದು ಹಾಡು ಕೇಳುತ್ತಾರೆ. ನಡುನಡುವೆ ಇನ್ನೊಂದು ಬಗೆಯ ಪ್ರಶ್ನೆಯೂ ಬರುವುದುಂಟು. "ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಬೇಕಾಗಿದೆ. ಕಂಪನಿಯದ್ದನ್ನೇ ಕೊಳ್ಳಲೋ, ನೆಹರು ಪ್ಲೇಸಿಗೆ ಹೋಗಿ ಬಿಡಿಭಾಗ ತಂದು ಜೋಡಿಸಿಕೊಳ್ಳಲೋ?"

ಎರಡು ಹಾಡುಗಳ ನಡುವೆ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಏಕೆಂದರೆ ನಮ್ಮ ದೇಶವೇ 70 ವರ್ಷಗಳಿಂದ ಇದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುತ್ತ ಬಂದಿದೆ. ಒಮ್ಮೆ ಕೊಂಡಿದೆ, ಒಮ್ಮೆ ಕಟ್ಟಿದೆ, ಎರಡರಿಂದಲೂ ಪಾಠ ಕಲಿತಿದೆ. ಆ ಪಾಠ ನಮ್ಮ ಹುಡುಗರಿಗೂ ಉಪಯೋಗಕ್ಕೆ ಬರುವಂಥದ್ದು.

ಓಲ್ಡ್ ರಾಜಿಂದರ್ ನಗರವನ್ನೇ ನೋಡಿ. ಬಾಬು ರಾಜೇಂದ್ರ ಪ್ರಸಾದರ ಹೆಸರಿನ ಈ ಬಡಾವಣೆ ಹುಟ್ಟಿದ್ದು ದೇಶ ವಿಭಜನೆಯ ನಂತರ. ಗಡಿಯಾಚೆಯಿಂದ ಉಟ್ಟ ಬಟ್ಟೆಯಲ್ಲಿ ಬಂದ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ಇಲ್ಲಿ ಸಣ್ಣ ಮನೆಗಳ ವ್ಯವಸ್ಥೆ ಮಾಡಿತು. ಅದರ ಮೇಲೆ ಮಹಡಿಯ ಮೇಲೆ ಮಹಡಿ ಏರಿಸಿದವರು ಮನೆಯವರು. ಇಂದು ವಿದ್ಯಾರ್ಥಿಗಳು ಬಾಡಿಗೆಗಿರುವ ಕೋಣೆಗಳಲ್ಲಿ ಬಹಳಷ್ಟು ಹೀಗೆ ಆಮೇಲೆ ಸೇರಿದವೇ. ಸಿದ್ಧವಾಗಿ ಸಿಕ್ಕಿದ್ದಕ್ಕೆ ತಮ್ಮದೊಂದಷ್ಟು ಸೇರಿಸುತ್ತ ಹೋಗುವುದು ಈ ಬೀದಿಗಳ ಚರಿತ್ರೆ. ಗಣಕದ ಚರಿತ್ರೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಕೊಂಡ ಕಲ್ಕತ್ತ, ಕಟ್ಟಿದ ಮುಂಬಯಿ

ಭಾರತಕ್ಕೆ ಮೊದಲ ಡಿಜಿಟಲ್ ಗಣಕ ಬಂದದ್ದು 1955ರಲ್ಲಿ. ಪಿ.ಸಿ. ಮಹಾಲನೋಬಿಸ್ ಅವರು ಕಟ್ಟಿ ಬೆಳೆಸಿದ ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಅದನ್ನು ಇಂಗ್ಲೆಂಡಿನಿಂದ ಕೊಂಡಿತು. ಹೆಸರು ಎಚ್.ಇ.ಸಿ.-2ಎಂ. ಕೊಂಡದ್ದು ಎಂದರೆ ಇಂದಿನ ಹಾಗೆ ಡಬ್ಬ ಬಿಚ್ಚಿ ಪ್ಲಗ್ ಹಾಕಿದರೆ ಓಡುವ ಯಂತ್ರವಲ್ಲ. ಪೆಟ್ಟಿಗೆಗಳಲ್ಲಿ ಬಂದ ಅದನ್ನು ನಿಲ್ಲಿಸಿ ನಡೆಸಲು ಸಂಸ್ಥೆಯ ಎಂಜಿನಿಯರುಗಳು ಮೊದಲು ಇಂಗ್ಲೆಂಡಿಗೆ ಹೋಗಿ ತರಬೇತಿ ಪಡೆದು ಬರಬೇಕಾಯಿತು. ಯೋಜನೆಗಳ ಲೆಕ್ಕಾಚಾರ ಕಾಯುತ್ತಿತ್ತು, ಕೆಲಸ ಬೇಗ ಆಗಬೇಕಿತ್ತು. ಆದ್ದರಿಂದ ಕಲ್ಕತ್ತ ಕೊಂಡಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಂಬಯಿಯಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಒಂದು ಯುವ ತಂಡ ತಾವೇ ಗಣಕ ಕಟ್ಟುತ್ತೇವೆಂದು ಹೊರಟಿತು. ತಂಡದಲ್ಲಿ ಹೆಚ್ಚಿನವರು ಅದುವರೆಗೆ ಗಣಕದ ಕೆಲಸ ಮಾಡಿದವರೇ ಅಲ್ಲ. 1956ರಲ್ಲಿ ಒಂದು ಪ್ರಾಯೋಗಿಕ ಯಂತ್ರ ಓಡಿತು. ಪೂರ್ಣ ಯಂತ್ರ 1960ರಲ್ಲಿ ಬಳಕೆಗೆ ಬಂತು. ಅದರೊಳಗೆ ಸುಮಾರು 2,700 ನಿರ್ವಾತ ಕೊಳವೆಗಳು, 1,700 ಡಯೋಡುಗಳು, 12,500 ರೆಸಿಸ್ಟರುಗಳು. ನೆನಪಿನ ಶಕ್ತಿ ಇಂದಿನ ಲೆಕ್ಕದಲ್ಲಿ ಸುಮಾರು 10 ಕಿಲೋಬೈಟ್ ಮಾತ್ರ. ಇಂದು ಸಾಧಾರಣ ಡೆಸ್ಕ್‌ಟಾಪಿಗೆ ಹಾಕುವ 8 ಗಿಗಾಬೈಟ್ ರ‍್ಯಾಮ್ ಅದರ 8 ಲಕ್ಷ ಪಟ್ಟಿಗೂ ಹೆಚ್ಚು. 1962ರಲ್ಲಿ ಪ್ರಧಾನಿ ನೆಹರು ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು.

ಆದರೆ ಹೆಸರಿಡುವ ಹೊತ್ತಿಗೆ ಯಂತ್ರಕ್ಕೆ ವಯಸ್ಸಾಗಿತ್ತು. ಜಗತ್ತು ನಿರ್ವಾತ ಕೊಳವೆ ಬಿಟ್ಟು ಟ್ರಾನ್ಸಿಸ್ಟರಿಗೆ ಹೊರಳಿಯಾಗಿತ್ತು. 1964ರಲ್ಲಿ ಅದೇ ಸಂಸ್ಥೆ ಅಮೆರಿಕದಿಂದ ಸಿ.ಡಿ.ಸಿ. 3600 ಎಂಬ ದೊಡ್ಡ ಗಣಕ ತರಿಸಿಕೊಂಡಿತು. ಕಟ್ಟಿದವರೇ ಕೊಂಡರು!

ಹಾಗಾದರೆ ಕಟ್ಟಿದ್ದು ವ್ಯರ್ಥವೇ? ಯಂತ್ರದ ಲೆಕ್ಕದಲ್ಲಿ ಹೌದೆನ್ನಬಹುದು. ಮನುಷ್ಯರ ಲೆಕ್ಕದಲ್ಲಿ ಖಂಡಿತ ಅಲ್ಲ. ಟಿಫ್ರಾಕ್ ಸುತ್ತ ಬೆಳೆದ ತಜ್ಞರು ಮುಂದೆ ದೇಶದ ಗಣಕ ಕ್ಷೇತ್ರಕ್ಕೆ ದಾರಿ ತೋರಿದರು. ಅದೇ ಸಂಸ್ಥೆಯಲ್ಲಿ ಮುಂದೆ ಕೆಲಸ ಮಾಡಿದವರಲ್ಲಿ ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಹೆಸರಾದ ಕೆ.ಪಿ. ರಾವ್ ಅವರೂ ಒಬ್ಬರು. ಕಲಿಯಬೇಕಾಗಿದ್ದಾಗ ಮುಂಬಯಿ ಕಟ್ಟಿತು, ಲೆಕ್ಕ ಮಾಡಬೇಕಾಗಿದ್ದಾಗ ಕೊಂಡಿತು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕೊಡುವುದಿಲ್ಲ ಎಂದಾಗ

ಕೊಳ್ಳುವವರಿಗೆ ಒಂದು ಭಯ ಸದಾ ಇರುತ್ತದೆ. ಮಾರುವವನು ನಾಳೆ ಅಂಗಡಿ ಮುಚ್ಚಿದರೆ? 1970ರ ದಶಕದವರೆಗೆ ನಮ್ಮಲ್ಲಿ ಗಣಕವೆಂದರೆ ಬಹುಮಟ್ಟಿಗೆ ಐ.ಬಿ.ಎಂ. ಹಳೆಯ ಯಂತ್ರಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತದೆ ಎಂಬ ದೂರು ಆ ಕಂಪನಿಯ ಮೇಲಿತ್ತು. ವಿದೇಶಿ ಕಂಪನಿಗಳು ಪಾಲು ಕಡಿಮೆ ಮಾಡಿಕೊಳ್ಳಬೇಕೆಂಬ ನಿಯಮಕ್ಕೆ ಒಪ್ಪದೆ ಅದು 1978ರಲ್ಲಿ ಭಾರತ ಬಿಟ್ಟಿತು. ಆ ಜಾಗ ತುಂಬಲು ದೇಶದ ಕಂಪನಿಗಳೇ ಮುಂದಾದವು. ಹೈದರಾಬಾದಿನ ಸರ್ಕಾರಿ ಸಂಸ್ಥೆ ಇ.ಸಿ.ಐ.ಎಲ್. ಆಗಲೇ ಗಣಕ ತಯಾರಿಸುತ್ತಿತ್ತು. ಇದೇ ದೆಹಲಿಯಲ್ಲಿ ಶಿವ ನಾಡಾರ್ ಮತ್ತು ಗೆಳೆಯರು 1976ರಲ್ಲಿ ಎಚ್.ಸಿ.ಎಲ್. ಆರಂಭಿಸಿದ್ದರು. ಅಡುಗೆ ಎಣ್ಣೆಗೆ ಹೆಸರಾಗಿದ್ದ ವಿಪ್ರೊ 1980ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಗಣಕಕ್ಕೆ ಇಳಿಯಿತು.

ಅದೇ ದಶಕದಲ್ಲಿ ಇನ್ನೊಂದು ಬಾಗಿಲು ಮುಚ್ಚಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಮಂದಿರಕ್ಕೆ, ಬೇಕಾಗಿದ್ದ ಕ್ರೇ ಸೂಪರ್ ಕಂಪ್ಯೂಟರ್ ಕೊಡಲು ಅಮೆರಿಕ ಒಪ್ಪಲಿಲ್ಲ. ದೆಹಲಿಗೆ ಹವಾಮಾನ ಮುನ್ಸೂಚನೆಗೆಂದು ಒಂದು ಸಣ್ಣ ಕ್ರೇ ಮಾತ್ರ ಬಂತು. ಆದರೆ ಅಷ್ಟರಲ್ಲಿ ಬೆಂಗಳೂರಿನಲ್ಲೇ ಇನ್ನೊಂದು ಪ್ರಯತ್ನ ಫಲ ಕೊಟ್ಟಿತ್ತು. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕ ಮಾಡಲು ಎನ್.ಎ.ಎಲ್. ವಿಜ್ಞಾನಿಗಳು 1986ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿದರು. ಒಳಗಿದ್ದದ್ದು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಇಂಟೆಲ್ ಪ್ರೊಸೆಸರುಗಳು. ಒಂದರಿಂದ ಆಗದ ಕೆಲಸವನ್ನು ಹಲವು ಚಿಪ್ಪುಗಳಿಗೆ ಹಂಚಿ ಮಾಡಿಸುವ ಜಾಣತನ ಮಾತ್ರ ನಮ್ಮದು. ಮುಂದೆ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. ವಿಜಯ್ ಭಟ್ಕರ್ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾಯಿತು. ಅದರ ಚಿಪ್ಪುಗಳೂ ಹೊರಗಿನವೇ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಯಾರೂ ಎಲ್ಲವನ್ನೂ ತಾವೇ ಕಟ್ಟುವುದಿಲ್ಲ. ಮನೆ ಕಟ್ಟುವವರು ಇಟ್ಟಿಗೆ ಸುಡುವುದಿಲ್ಲ ತಾನೆ? ಯಾವ ಇಟ್ಟಿಗೆ, ಎಲ್ಲಿಂದ, ಹೇಗೆ ಜೋಡಿಸಬೇಕು ಎಂದು ತಿಳಿದಿರುವುದೇ ಕಟ್ಟುವವರ ವಿದ್ಯೆ.

ನೆಹರು ಪ್ಲೇಸ್ ಮತ್ತು ಎಸ್.ಪಿ. ರಸ್ತೆ

ಈ ವಿದ್ಯೆ ಪ್ರಯೋಗಾಲಯದಿಂದ ಬೀದಿಗೆ ಬಂದದ್ದು ಹೇಗೆ? ಕಾರಣ ಎರಡು. ಮೊದಲನೆಯದು ಅಮೆರಿಕದಲ್ಲಿ. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ತನ್ನ ಪಿ.ಸಿ. ಹೊರತಂದಿತು. ಬೇಗ ಮುಗಿಸುವ ಅವಸರದಲ್ಲಿ ಅದು ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ ಪಡೆದು ಜೋಡಿಸಿತ್ತು. ಅಂದರೆ ಆ ಮಹಾ ಕಂಪನಿಯ ಯಂತ್ರವೂ ಒಂದು ಬಗೆಯ ಅಸೆಂಬಲ್ಡ್ ಯಂತ್ರವೇ! ಐ.ಬಿ.ಎಂ. ಕೊಂಡ ಭಾಗಗಳನ್ನು ಬೇರೆಯವರೂ ಕೊಳ್ಳಬಹುದಿತ್ತು. 1982ರಲ್ಲೇ ಕಾಂಪ್ಯಾಕ್ ಅದಕ್ಕೆ ಹೊಂದುವ ಯಂತ್ರ ಪ್ರಕಟಿಸಿತು. ಆಮೇಲೆ ತೈವಾನಿನ ಮದರ್‌ಬೋರ್ಡುಗಳು ಜಗತ್ತನ್ನೆಲ್ಲ ತುಂಬಿದವು.

ಎರಡನೆಯ ಕಾರಣ ದೆಹಲಿಯಲ್ಲಿ. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ಪ್ರಕಟಿಸಿತು. ಲೈಸೆನ್ಸಿನ ಬಿಗಿ ಸಡಿಲವಾಯಿತು, ಬಿಡಿಭಾಗಗಳ ಆಮದು ಸುಲಭವಾಯಿತು. ಈ ನೀತಿಯ ಹಿಂದೆ ದುಡಿದವರಲ್ಲಿ ಮುಖ್ಯರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿ, ದೆಹಲಿಯಲ್ಲಿ ರಾಷ್ಟ್ರೀಯ ಸೂಚನಾ ಕೇಂದ್ರವನ್ನು ಕಟ್ಟಿದ ಎನ್. ಶೇಷಗಿರಿ ಅವರು.

ಮುಂದಿನದು ನಮ್ಮ ಕಣ್ಣ ಮುಂದಿನ ಕಥೆ. ದೆಹಲಿಯ ನೆಹರು ಪ್ಲೇಸ್, ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ ಗಣಕದ ಸಂತೆಗಳಾದವು. ಅಂಗಡಿಯವನು ಒಂದು ಚೀಟಿಯಲ್ಲಿ ಕ್ಯಾಬಿನೆಟ್, ಮದರ್‌ಬೋರ್ಡ್, ಎಸ್.ಎಂ.ಪಿ.ಎಸ್., ಹಾರ್ಡ್ ಡಿಸ್ಕ್, ಮಾನಿಟರ್ ಎಂದು ಸಾಲಾಗಿ ಬರೆದು ಎದುರಿಗೆ ಬೆಲೆ ಹಾಕುತ್ತಿದ್ದ. ಅದು ಕೊಟೇಶನ್. ನಾಲ್ಕು ಅಂಗಡಿಯ ಚೀಟಿ ಹಿಡಿದು ಐದನೆಯವನಲ್ಲಿ ಚೌಕಾಸಿ ಮಾಡುವುದು ಗಿರಾಕಿಯ ಕೆಲಸ. ಗುಮಾಸ್ತರ, ಮೇಷ್ಟ್ರ ಮನೆಗಳಿಗೆ ಬಂದ ಮೊದಲ ಗಣಕಗಳಲ್ಲಿ ಬಹಳಷ್ಟು ಹೀಗೆ ಜೋಡಿಸಿದವು. ಸಣ್ಣ ಊರಿನ ಡಿ.ಟಿ.ಪಿ. ಅಂಗಡಿ, ಸೈಬರ್ ಕೆಫೆ, ತರಬೇತಿ ಕೇಂದ್ರಗಳೂ ಇವನ್ನೇ ನೆಚ್ಚಿದ್ದವು.

ಅಗ್ಗಕ್ಕೆ ಕಾರಣ ಜಾಹೀರಾತಿನ ಖರ್ಚು ಇಲ್ಲದಿರುವುದು ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಎಷ್ಟೋ ಕಡೆ ಬಿಲ್ಲಿಲ್ಲ, ತೆರಿಗೆಯಿಲ್ಲ, ಒಳಗಿನ ವಿಂಡೋಸ್ ಕದ್ದ ಪ್ರತಿ. ಕೆಟ್ಟರೆ ಕೇಳುವುದಕ್ಕೆ ಕಾಗದವೇ ಇರುತ್ತಿರಲಿಲ್ಲ.

ಕಂಪನಿಯ ಯಂತ್ರ ಕೊಂಡವರಿಗೂ ಒಂದು ಕೊರತೆ ಇತ್ತು, ಅದು ಕನ್ನಡ. ಆ ದಿನಗಳಲ್ಲಿ ಬೆಲೆ ಎಷ್ಟೇ ಕೊಟ್ಟರೂ ಅಂಗಡಿಯಿಂದ ಬಂದ ಗಣಕಕ್ಕೆ ಕನ್ನಡ ಬರುತ್ತಿರಲಿಲ್ಲ. ಅದನ್ನು ಸೇರಿಸಿದವರು ಕನ್ನಡಿಗರೇ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಬರಹ ತಂತ್ರಾಂಶ ಹೊರತಂದರು, ಕನ್ನಡ ಗಣಕ ಪರಿಷತ್ತಿನಿಂದ ನುಡಿ ಬಂತು. ನೆಹರು ಪ್ಲೇಸಿನ ಜೋಡಣೆಯೋ ದೊಡ್ಡ ಕಂಪನಿಯದ್ದೋ, ಕನ್ನಡ ಮಾತ್ರ ಎರಡಕ್ಕೂ ನಾವೇ ಹಾಕಿಕೊಂಡದ್ದು.

ಆಮೇಲೆ ತಕ್ಕಡಿ ಮತ್ತೆ ವಾಲಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. 2005ರ ವೇಳೆಗೆ ಗಣಕಗಳ ಮೇಲಿನ ಆಮದು ಸುಂಕ ಸೊನ್ನೆಗೆ ಇಳಿಯಿತು. ಕಂಪನಿ ಯಂತ್ರಗಳು ಅಗ್ಗವಾದವು, ಲ್ಯಾಪ್‌ಟಾಪುಗಳು ಬಂದವು. ನಮ್ಮ ವಿಪ್ರೊ 2013ರಲ್ಲಿ ತನ್ನ ಹೆಸರಿನ ಪಿ.ಸಿ. ತಯಾರಿಕೆ ನಿಲ್ಲಿಸಿತು. ಎಸ್.ಪಿ. ರಸ್ತೆಯ ಜೋಡಿಸುವವರು ಮಾತ್ರ ಉಳಿದರು! 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಬಿಲ್ಲು ಕೇಳಿ ಪಡೆಯುವ ರೂಢಿಯೂ ಹೆಚ್ಚಿತು. ದೇಶದ ಮಟ್ಟದಲ್ಲೂ ಪ್ರಶ್ನೆ ಮುಗಿದಿಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮೊದಲಾದವುಗಳ ಆಮದಿಗೆ ಪರವಾನಗಿ ಬೇಕೆಂದು ಪ್ರಕಟಿಸಿ, ಆಮೇಲೆ ಅದನ್ನು ಸಡಿಲಿಸಿತು.

ಹಾಗಾದರೆ ನೀವೇನು ಮಾಡಬೇಕು?

ಮುಂಬಯಿಯ ಪಾಠ ನೆನಪಿಸಿಕೊಳ್ಳಿ. ಲೆಕ್ಕ ಮಾಡಬೇಕೋ, ಕಲಿಯಬೇಕೋ? ಓಲ್ಡ್ ರಾಜಿಂದರ್ ನಗರದ ಸಣ್ಣ ಕೋಣೆಯಲ್ಲಿ ಎರಡು ಮೂರು ವರ್ಷ ಓದಿ ಊರಿಗೆ ಹೋಗುವವರಿಗೆ ಬೇಕಾದದ್ದು ಪಾಠ ನೋಡಲು, ಟಿಪ್ಪಣಿ ಬರೆಯಲು ಒಂದು ಯಂತ್ರ. ಅವರ ಸಮಯವೇ ಅವರ ಬಂಡವಾಳ. ಪ್ರಿಲಿಮ್ಸ್ ಎರಡು ವಾರ ಇದೆ ಎನ್ನುವಾಗ ಯಂತ್ರ ನಿಂತರೆ ಮದರ್‌ಬೋರ್ಡಿನದು ಒಂದು ಕಡೆ, ರ‍್ಯಾಮಿನದು ಇನ್ನೊಂದು ಕಡೆ ಎಂದು ವಾರಂಟಿ ಹಿಡಿದು ಅಲೆಯಲು ಆಗುವುದಿಲ್ಲ. ಮನೆಗೇ ಬಂದು ಸರಿಪಡಿಸುವ ವಾರಂಟಿ ಇರುವ ಸಣ್ಣ ಸಿದ್ಧ ಯಂತ್ರವನ್ನು ಬಿಲ್ಲಿನೊಂದಿಗೆ ಕೊಳ್ಳುವುದು ಲೇಸು. ಅದಕ್ಕಾಗಿ ನಾಚಿಕೆ ಪಡಬೇಕಾಗಿಲ್ಲ, ಕಲ್ಕತ್ತವೂ ಕೊಂಡೇ ಆರಂಭಿಸಿತು.

ದೆಹಲಿಯಲ್ಲೇ ನೆಲೆಸಿದ ಕುಟುಂಬಗಳಿಗೆ, ಮನೆಯಲ್ಲಿ ಕುತೂಹಲದ ಮಗನೋ ಮಗಳೋ ಇರುವವರಿಗೆ, ವಿಡಿಯೋ ಸಂಕಲನ ಮಾಡುವವರಿಗೆ ನನ್ನ ಸಲಹೆ ಬೇರೆ. ಕರೋಲ್ ಬಾಗ್‌ನಲ್ಲಿ ಮೆಟ್ರೋದ ನೀಲಿ ಮಾರ್ಗ ಹತ್ತಿ, ಮಂಡಿ ಹೌಸ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ನೆಹರು ಪ್ಲೇಸಿಗೆ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಪ್ರತಿ ಭಾಗಕ್ಕೂ ಸೀರಿಯಲ್ ನಂಬರ್ ಇರುವ ಬಿಲ್ಲು ಕೇಳಿ. ಹಣ ಉಳಿಸಲು ಎಸ್.ಎಂ.ಪಿ.ಎಸ್.ನಲ್ಲಿ ಕೈ ಬಿಗಿ ಮಾಡಬೇಡಿ, ಅದು ಕೆಟ್ಟರೆ ಜೊತೆಯವನ್ನೂ ಕೆಡಿಸಬಹುದು. ಈಗ ಜೋಡಿಸುವುದೇ ಅಗ್ಗ ಎಂದು ಕಣ್ಣುಮುಚ್ಚಿ ನಂಬಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಹೇಗೆ ಏರಿತೆಂದು ಕೊಂಡವರಿಗೆ ಗೊತ್ತು. ಸಿದ್ಧ ಯಂತ್ರದ ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಆದರೂ ಒಂದು ಲಾಭ ಉಳಿಯುತ್ತದೆ. ಐದು ವರ್ಷದ ಮೇಲೆ ಒಂದು ಭಾಗ ಹಳೆಯದಾದರೆ ಅದನ್ನಷ್ಟೇ ಬದಲಿಸಬಹುದು. ಕೆಲವು ಕಂಪನಿ ಯಂತ್ರಗಳಲ್ಲಿ ಬೇರೆ ಅಳತೆಯ ಬೋರ್ಡು, ಬೇರೆ ಪಿನ್ನಿನ ಎಸ್.ಎಂ.ಪಿ.ಎಸ್. ಇರುವುದರಿಂದ ಆ ಅನುಕೂಲವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ತಾನೇ ಜೋಡಿಸಿದ ಯಂತ್ರದ ಗುಂಡಿ ಒತ್ತಿ ಪರದೆ ಬೆಳಗಿದ್ದನ್ನು ಕಂಡ ಮಗು ಮುಂದೆ ಯಾವ ಯಂತ್ರಕ್ಕೂ ಹೆದರುವುದಿಲ್ಲ. ಟಿಫ್ರಾಕ್ ಬಹಳ ವರ್ಷ ಬಾಳಲಿಲ್ಲ, ಅದನ್ನು ಕಟ್ಟಿದವರ ವಿದ್ಯೆ ಬಾಳಿತು.

ನಿಮ್ಮ ಮನೆಯ ಮೊದಲ ಗಣಕ ಕೊಂಡದ್ದೋ, ಜೋಡಿಸಿದ್ದೋ? ಎಲ್ಲಿಂದ ತಂದಿರಿ, ಎಷ್ಟು ವರ್ಷ ಬಾಳಿತು? ನಮಗೆ ಬರೆದು ತಿಳಿಸಿ. ಆಯ್ದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ. ಹಾಡಿನ ಕೋರಿಕೆಯನ್ನೂ ಜೊತೆಗೆ ಬರೆಯುವುದನ್ನು ಮರೆಯಬೇಡಿ.