ಬಾಣಂತಿಕೋಣೆಯ ಮಾತು

ತರಗತಿಯಲ್ಲಿ ಜಾನಪದದ ಪಾಠ ನಡೆದಿತ್ತು. ಪಾಠದ ನಡುವೆ 'ಸೂಲಗಿತ್ತಿ' ಎಂಬ ಮಾತು ಬಂತು. ಅರ್ಥ ಯಾರಿಗೆ ಗೊತ್ತು ಎಂದು ಕೇಳಿದೆ. ಐವತ್ತು ಮಂದಿಯಲ್ಲಿ ನಾಲ್ಕೇ ಕೈಗಳು ಮೇಲೆದ್ದವು. ಉಳಿದವರಲ್ಲಿ ಒಬ್ಬ ಹುಡುಗ, ಅದು ಯಾವುದೋ ಆಯುಧ ಹಿಡಿದ ದೇವತೆಯ ಹೆಸರಿರಬೇಕು ಎಂದ. ಅವನ ಕಿವಿಗೆ ಅದು 'ಶೂಲ'ವೆಂದು ಕೇಳಿಸಿತ್ತು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಸಂಜೆ ಮನೆಗೆ ಬರುವಾಗ ಆ ನಗು ಅಷ್ಟು ಹಿತವಾಗಿ ಉಳಿಯಲಿಲ್ಲ. ಆ ಹುಡುಗನ ಅಜ್ಜಿ ಈ ಲೋಕಕ್ಕೆ ಬಂದದ್ದು ಬಹುಶಃ ಒಬ್ಬ ಸೂಲಗಿತ್ತಿಯ ಕೈಯಿಂದಲೇ. ಎರಡು ತಲೆಮಾರಿನೊಳಗೆ ಕೈಯೂ ಮರೆತುಹೋಯಿತು, ಹೆಸರೂ ಮರೆತುಹೋಯಿತು.

ಮಾತು ಬಹು ಹಳೆಯದು. 'ಸೂಲ್' ಎಂದರೆ ಹೆರಿಗೆ. ತಮಿಳಿನಲ್ಲಿ ಇದೇ ಮಾತು ಬಸಿರನ್ನು ಹೇಳುತ್ತದೆ. ಹೂವಾಡಗಿತ್ತಿ, ಓರಗಿತ್ತಿ ಎಂಬ ಮಾತುಗಳ ಸಾಲಿನಲ್ಲಿಯೇ ಸೂಲಗಿತ್ತಿಯೂ ನಿಲ್ಲುತ್ತಾಳೆ. 'ಬಾಣಂತಿ' ಎಂಬುದಕ್ಕೆ ತೆಲುಗಿನ 'ಬಾಲಿಂತ', ಮರಾಠಿಯ 'ಬಾಳಂತೀಣ' ನೆಂಟರು. ಇನ್ನು ಪುರುಡು, ಚೊಚ್ಚಿಲು, ಬಯಕೆ, ಒಳಲೆ, ಕುಲಾವಿ, ಕುಂಚಿಗೆ - ಈ ಮಾತುಗಳನ್ನು ಪಂಡಿತರು ಕಟ್ಟಿದವರಲ್ಲ. ಹೆತ್ತವರೂ ಹೆರಿಗೆ ಮಾಡಿಸಿದವರೂ ಸೇರಿ ಕುಳಿತಾಗ ಅವರ ಬಾಯಲ್ಲಿ ಬೆಳೆದವು ಇವು. ಬಸುರಿಯರೂ ಬಾಣಂತಿಯರೂ ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತಿಗೆ ಒಂದು ಚರಿತ್ರೆಯಿದೆಯೆ ಎಂದು ಕೇಳಿದರೆ, ಆ ಚರಿತ್ರೆಯ ಮೊದಲ ಸಾಕ್ಷಿ ನಮ್ಮ ನಿಘಂಟೇ ಎನ್ನಬೇಕು.

ಎರಡನೆಯ ಸಾಕ್ಷಿ, ಆಶ್ಚರ್ಯವೆನಿಸಿದರೂ, ಶಾಸ್ತ್ರಗಳದು. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಸೀಮಂತದ ವಿಧಿ ಬರುತ್ತದೆ. ಹೋಮವೇನು, ಮಂತ್ರವೇನು, ಬೈತಲೆ ತೆಗೆಯುವುದು ಯಾವುದರಿಂದ ಎಂದು ಎಲ್ಲವನ್ನೂ ಕಟ್ಟುನಿಟ್ಟಾಗಿ ಹೇಳಿದ ಸೂತ್ರಕಾರ, ಕೊನೆಗೆ ಒಂದು ಕಡೆ ಕೈಚೆಲ್ಲಿ, ಗಂಡ ಮಕ್ಕಳು ಬದುಕಿರುವ ವೃದ್ಧ ಬ್ರಾಹ್ಮಣಿಯರು ಏನೇನು ಹೇಳುತ್ತಾರೋ ಅದನ್ನೆಲ್ಲ ಮಾಡತಕ್ಕದ್ದು ಎಂದುಬಿಡುತ್ತಾನೆ. ಏನು ಹೇಳುತ್ತಾರೆ ಎಂಬುದನ್ನು ಬರೆಯುವುದಿಲ್ಲ. ಬರೆಯುವುದು ಅವನಿಂದ ಆಗುವಂತೆಯೂ ಇರಲಿಲ್ಲ. ಮಕ್ಕಳನ್ನು ಹೆತ್ತು ಉಳಿಸಿಕೊಂಡವರ ಅನುಭವವೆಂಬುದು ಸೂತ್ರಕ್ಕೆ ಸಿಕ್ಕದ ಇನ್ನೊಂದು ಶಾಸ್ತ್ರವೆಂದು ಅವನು ಒಪ್ಪಿಕೊಂಡಂತಾಯಿತು. ವಿಧವೆಯರನ್ನೂ ಮಕ್ಕಳಿಲ್ಲದವರನ್ನೂ ಹೊರಗಿಟ್ಟದ್ದು ಅದೇ ವಾಕ್ಯದ ಇನ್ನೊಂದು ಮುಖ, ಅದನ್ನೂ ಮರೆಯತಕ್ಕದ್ದಲ್ಲ.

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಇನ್ನೂ ಸ್ಪಷ್ಟವಾದ ಚಿತ್ರವಿದೆ. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗಾರವನ್ನು ಕಟ್ಟಿಸಬೇಕು. ಅದರಲ್ಲಿ ತುಪ್ಪ, ಎಣ್ಣೆ, ಉಪ್ಪು, ಸೌದೆ ಇಂಥ ಸಾಮಗ್ರಿಗಳನ್ನು ಕೂಡಿಡಬೇಕು. ಆ ಪಟ್ಟಿಯ ಜೊತೆಯಲ್ಲಿಯೇ ಹೆಂಗಸರೂ ಬರುತ್ತಾರೆ. ಎಂಥ ಹೆಂಗಸರು? ಹಲವು ಬಾರಿ ಹೆತ್ತವರು, ಸ್ನೇಹವುಳ್ಳವರು, ಸಮಯಕ್ಕೆ ತಕ್ಕಂತೆ ಬುದ್ಧಿ ಓಡಿಸಬಲ್ಲವರು, ಸ್ವಭಾವದಿಂದಲೇ ವಾತ್ಸಲ್ಯವುಳ್ಳವರು, ಕಷ್ಟಸಹಿಷ್ಣುಗಳು, ಎಲ್ಲಕ್ಕಿಂತ ಮಿಗಿಲಾಗಿ ಆ ಬಸುರಿಗೆ ಬೇಕಾದವರು. ನೋವು ಬಂದಾಗ ಇವರು ಸುತ್ತ ಕುಳಿತು ಸಮಾಧಾನದ ಮಾತಾಡಬೇಕು. ನೋವಿಲ್ಲದಾಗ ಮುಕ್ಕಬೇಡ ಎಂದು ತಿಳಿಸಿ ಹೇಳಬೇಕು. ಅಲ್ಲಿಯೇ ಒಂದು ಚರ್ಚೆಯೂ ಉಂಟು. ನೋವು ಬಂದವಳ ಕೈಗೆ ಒನಕೆ ಕೊಟ್ಟು ಧಾನ್ಯ ಕುಟ್ಟಿಸಬೇಕೆಂದು ಕೆಲವರು ಹೇಳುತ್ತಾರಂತೆ. ಆತ್ರೇಯ ಅದನ್ನು ಕೂಡದೆಂದು ತಳ್ಳಿಹಾಕಿ, ಮೆಲ್ಲನೆ ಅಡ್ಡಾಡಿದರೆ ಸಾಕು ಎನ್ನುತ್ತಾನೆ. ಒನಕೆಯ ಸಲಹೆ ಯಾರದು? ಯಾವುದೋ ಮನೆಯ ಹಿತ್ತಿಲಿನಿಂದಲೇ ಅದು ವೈದ್ಯನ ಕಿವಿಗೆ ಬಿದ್ದಿರಬೇಕು. ಎರಡು ಸಾವಿರ ವರ್ಷದ ಹಿಂದೆಯೂ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಶಾಸನಗಳಲ್ಲಿ ಇಂಥ ಸಂಗತಿ ಅಪರೂಪ. ನಮ್ಮ ನೆರೆಯ ಆಂಧ್ರದ ಗುಂಟೂರು ಸೀಮೆಯ ಮಲ್ಕಾಪುರದಲ್ಲಿ 1261ರ ಒಂದು ಶಾಸನವಿದೆ. ಕಾಕತೀಯ ರುದ್ರಮದೇವಿಯ ಕಾಲದ್ದು. ಗೋಳಕಿ ಮಠದ ವಿಶ್ವೇಶ್ವರ ಶಿವಾಚಾರ್ಯರು ಗ್ರಾಮದ ಉತ್ಪನ್ನವನ್ನು ಹಂಚುವಾಗ ವಿದ್ಯಾರ್ಥಿಗಳಿಗೂ ಅನ್ನಸತ್ರಕ್ಕೂ ಕೊಟ್ಟಂತೆ, ಆರೋಗ್ಯಶಾಲೆಗೂ ಪ್ರಸೂತಿಶಾಲೆಗೂ ಭಾಗವಿಟ್ಟರು. ರಾಜ್ಯವಾಳುತ್ತಿದ್ದವಳು ಹೆಣ್ಣು ಎಂಬುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಲು ಆಧಾರವಿಲ್ಲ. ಹೆರಿಗೆ ಮನೆಯ ಗೋಡೆ ದಾಟಿ ಊರಿನ ಹೊಣೆಯಾದ ಒಂದು ನಿದರ್ಶನವೆಂದಷ್ಟೇ ಇದನ್ನು ನೆನೆಯಬಹುದು.

ಇಷ್ಟು ಗ್ರಂಥದ ಮಾತಾಯಿತು. ಕೋಣೆಯನ್ನು ನಾನು ಕಂಡದ್ದು ಹೊಸ್ತಿಲಿನ ಹೊರಗಿನಿಂದ. ಗಂಡುಹುಡುಗರಿಗೆ ಒಳಗೆ ಪ್ರವೇಶವಿರಲಿಲ್ಲ. ಹಾಸನದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ನಡುಮನೆಯ ಪಕ್ಕದ ಕತ್ತಲೆಕೋಣೆಯೇ ಬಾಣಂತಿಕೋಣೆ. ಹೊರಸು, ಅದರ ಬಳಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿಯ ಹೊಗೆ, ಬಜೆ ತೇಯ್ದ ವಾಸನೆ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದಾದ ಮೇಲೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಒಬ್ಬರ ಕೈಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು, ಒಬ್ಬರ ಕೈಯಲ್ಲಿ ಮೆಂತ್ಯದ ಹಿಟ್ಟು, ಇನ್ನೊಬ್ಬರ ಕೈಯಲ್ಲಿ ತಮ್ಮ ಮಗುವಿಗೆ ಚಿಕ್ಕದಾದ ಕುಲಾವಿ. ಹಾಲು ಸಾಲುತ್ತದೆಯೆ, ರಾತ್ರಿ ಅಳುತ್ತದೆಯೆ, ಹೊಟ್ಟೆ ಉಬ್ಬರಿಸಿದೆಯೆ ಎಂದು ಆರಂಭವಾದ ಮಾತು ಅತ್ತೆಯ ಮನೆಗೂ, ಬೆಳೆಗೂ, ಬಾವಿಗೂ ಹೋಗಿ ಮತ್ತೆ ತೊಟ್ಟಿಲಿಗೆ ಬರುತ್ತಿತ್ತು. ನಗು ಬಹಳ, ನಡುನಡುವೆ ದನಿ ತಗ್ಗುತ್ತಿತ್ತು. ತಗ್ಗಿದ ದನಿಯಲ್ಲಿ ಏನಿತ್ತೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ: ಉಳಿಯದ ಕೂಸುಗಳ ಸುದ್ದಿ ಅದು. ಬಂದವರಲ್ಲಿ ಹೆಚ್ಚಿನವರು ಒಂದಾದರೂ ಮಗುವನ್ನು ಕಳೆದುಕೊಂಡಿದ್ದರು. ಅದನ್ನು ಹೇಳಿಕೊಳ್ಳಲು ಅವರಿಗೆ ಬೇರೆ ಜಾಗವಿರಲಿಲ್ಲ.

ಈ ಮಾತುಗಳೆಲ್ಲ ಹಿತವಾದವೇ? ಅಲ್ಲ. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿದ್ದು ಈ ಮಾತೇ. ಬಾಣಂತಿಗೆ ಬಾಯಾರಿದರೂ ನೀರು ಕೊಡಬೇಡವೆಂದದ್ದು, ಕೂಸಿನ ಹೊಟ್ಟೆಗೆ ಬರೆ ಹಾಕಿಸಿದ್ದು, ಹೊಕ್ಕುಳಿಗೆ ಬೂದಿ ಮೆತ್ತಿಸಿದ್ದು ಇದೇ ಮಾತು. ಹೊಕ್ಕುಳ ಗಾಯದಿಂದ ಬಂದ ಧನುರ್ವಾಯುವಿಗೆ ಎಷ್ಟು ಹಸುಗೂಸುಗಳು ಬಲಿಯಾದವೋ ಲೆಕ್ಕವಿಟ್ಟವರಿಲ್ಲ. ತಾಯಂದಿರಿಗೂ ನವಜಾತ ಶಿಶುಗಳಿಗೂ ತಗಲುವ ಧನುರ್ವಾಯು ಭಾರತದಿಂದ ತೊಲಗಿತೆಂದು ಅಧಿಕೃತವಾಗಿ ಗುರುತಿಸಿದ್ದು 2015ರಲ್ಲಿ. ಚುಚ್ಚುಮದ್ದು, ಶುದ್ಧವಾದ ಬ್ಲೇಡು, ಆಸ್ಪತ್ರೆಯ ಹೆರಿಗೆ ಇವುಗಳ ಗೆಲುವು ಅದು. ಬಾಣಂತಿಕೋಣೆಯನ್ನು ಹೊಗಳುವವನು ಈ ಋಣವನ್ನು ಮೊದಲು ಒಪ್ಪಿಕೊಳ್ಳಬೇಕು.

ಆಸ್ಪತ್ರೆಯೂ ನಮ್ಮಲ್ಲಿಗೆ ಸುಲಭವಾಗಿ ಬರಲಿಲ್ಲ. 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಅವರ ಹೆಸರಿನ ನಿಧಿ ಸ್ಥಾಪನೆಯಾಯಿತು. ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ದೊರೆಯಲೆಂಬುದು ಅದರ ಉದ್ದೇಶ. 1903ರಲ್ಲಿ ಲೇಡಿ ಕರ್ಜನ್ ಅವರು ಸೂಲಗಿತ್ತಿಯರ ತರಬೇತಿಗೆಂದೇ ಇನ್ನೊಂದು ನಿಧಿ ಕೂಡಿಸಿದರು. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿ, ಸರ್ಕಾರದ ವತಿಯಿಂದ ಈ ಕೆಲಸ ಕೈಗೊಂಡವರಲ್ಲಿ ಲೋಕಕ್ಕೇ ಮೊದಲಿಗನಾಯಿತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿ ವಿಲಾಸ ಆಸ್ಪತ್ರೆ ತೆರೆಯಿತು. 1895ರಿಂದ 1902ರ ವರೆಗೆ ರೀಜೆಂಟರಾಗಿ ರಾಜ್ಯವನ್ನು ನಡೆಸಿದ ಮಹಾರಾಣಿಯವರ ಹೆಸರು ಅದಕ್ಕೆ. ಹೀಗಿದ್ದರೂ ಹಳ್ಳಿಯ ಹೆಂಗಸಿಗೆ ಆಸ್ಪತ್ರೆ ಬಹುಕಾಲ ದೂರವೇ ಉಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1998-99ರಲ್ಲಿಯೂ ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳು ನೂರಕ್ಕೆ 51ರಷ್ಟೇ. 2019-21ರ ಹೊತ್ತಿಗೆ ಅದು 97ಕ್ಕೆ ಏರಿತು.

ನಡುವಣ ಆ ಕಾಲವನ್ನು ತುಂಬಿದವರು ಯಾರು? ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಂಥವರು. ಶಾಲೆಯ ಮುಖ ಕಾಣದ ಆಕೆ ಅಜ್ಜಿಯ ಪಕ್ಕದಲ್ಲಿ ಕುಳಿತು ವಿದ್ಯೆ ಕಲಿತು, ಏಳು ದಶಕಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಅದಕ್ಕಾಗಿ ಹಣ ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇನ್ನೊಂದು ಕಡೆ, ಓದು ಬಲ್ಲ ಪಟ್ಟಣದ ಗೃಹಿಣಿಗೆ ಕೇರಿಯ ಹಿರಿಯಳಾಗಿ ಒದಗಿದವರು ಡಾಕ್ಟರ್ ಅನುಪಮಾ ನಿರಂಜನ. ಅವರ 'ತಾಯಿ-ಮಗು', 'ವಧುವಿಗೆ ಕಿವಿಮಾತು' ಎಷ್ಟೋ ಮನೆಗಳಲ್ಲಿ ಅಡಿಗೆಯ ಪುಸ್ತಕದ ಪಕ್ಕದಲ್ಲಿ ನಿಂತವು. 'ಕಿವಿಮಾತು' ಎಂಬ ಹೆಸರನ್ನು ಗಮನಿಸಿ. ವೈದ್ಯಕೀಯವನ್ನು ಕನ್ನಡದಲ್ಲಿ ಹೇಳಹೊರಟ ಆ ಲೇಖಕಿಗೆ, ಉಪದೇಶ ಕಿವಿಗೆ ಹತ್ತಿರವಾಗಿದ್ದರೆ ಮಾತ್ರ ನಾಟುವುದೆಂದು ತಿಳಿದಿತ್ತು.

ಈಗ ನಮ್ಮ ಮನೆಯದೊಂದು ಸಂಗತಿಯನ್ನು ಹೇಳಬೇಕು. ನನಗೆ ಎಂಟು ವರ್ಷವಿರಬಹುದು. ಚಿಕ್ಕಮ್ಮ ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಿದ್ದರು. ಗಂಡುಮಗು, ಮನೆಯೆಲ್ಲ ಸಂಭ್ರಮ. ಹತ್ತು ದಿನ ಕಳೆಯುವುದರೊಳಗೆ ಅವರಿಗೆ ನಿದ್ದೆ ಹೋಯಿತು. ಹಗಲಿರುಳು ಮಾತು, ಒಮ್ಮೆ ಅಳು, ಒಮ್ಮೆ ಮಗು ತನ್ನದಲ್ಲವೆಂಬ ಹಟ. ಬಾಣಂತಿಸನ್ನಿ ಎಂದರು. ಮಂತ್ರವಾದಿ ಬಂದ, ತಾಯಿತ ಬಂತು. ದಿನಾ ಮಧ್ಯಾಹ್ನ ಬರುತ್ತಿದ್ದ ಹೆಂಗಸರು ಬರುವುದನ್ನು ನಿಲ್ಲಿಸಿದರು. ಬಸುರಿಯರನ್ನಂತೂ ನಮ್ಮ ಮನೆಯ ಮುಂದೆ ಹಾಯಗೊಡಲಿಲ್ಲ. ಅಷ್ಟು ದಿನ ಕೋಣೆಯೊಳಗಿದ್ದ ಮಾತು ಈಗ ಜಗಲಿಗಳ ಮೇಲೆ ಕುಳಿತಿತು.

ಬರುವುದನ್ನು ಬಿಡದವಳು ಒಬ್ಬಳೇ, ಮುದುಕಿ ಸೂಲಗಿತ್ತಿ. ಚಿಕ್ಕಮ್ಮನನ್ನೂ ಹುಟ್ಟಿಸಿದ ಕೈ ಅವಳದು. ಬೆಳಿಗ್ಗೆ ಬಂದು ಕೂಸಿಗೆ ಎಣ್ಣೆನೀರು ಹಾಕಿ, ಹೊರಸಿನ ಪಕ್ಕ ಕುಳಿತು, ತನ್ನ ಕೋಳಿ, ಕುರಿ, ಸೊಸೆಯ ಸುದ್ದಿ ಹೇಳುತ್ತಿದ್ದಳು. ಎದುರಿಗಿದ್ದವರು ಕೇಳಲಿ ಬಿಡಲಿ. ನಡುವೆ, "ಏಳವ್ವಾ, ಕೂಸು ಹಸ್ಕಂಡೈತೆ, ನಾನಿವ್ನಿ ಹಿಡ್ಕತೀನಿ" ಎನ್ನುತ್ತಿದ್ದಳು. ಕೊನೆಗೆ ಪಟ್ಟಣದ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಎಂದು ತಾತನಿಗೆ ಗದರಿ ಹೇಳಿದವಳೂ ಅವಳೇ. ಔಷಧಿಯಿಂದ ಕೆಲವು ತಿಂಗಳಲ್ಲಿ ಚಿಕ್ಕಮ್ಮ ಪೂರ್ತಿ ಗುಣವಾದರು. ಆದರೆ ಊರಿನ ಬಾಯಲ್ಲಿ ಅವರಿಗೆ ಗುಣವಾಗಲಿಲ್ಲ. ಅವರ ಮಗನ ಮದುವೆಯ ಮಾತುಕತೆಯಲ್ಲಿಯೂ ಯಾರೋ ಆ ಹಳೆಯ ಸುದ್ದಿಯನ್ನು ತೆಗೆದರು.

ಮುಂದೆ ತ್ರಿವೇಣಿಯವರ 'ಶರಪಂಜರ'ವನ್ನು ಪಾಠ ಹೇಳುವಾಗಲೆಲ್ಲ ನನ್ನ ದನಿ ಒಂದು ಕಡೆ ತಡೆಯುತ್ತದೆ. ಅಲ್ಲಿಯ ಕಾವೇರಿಗೂ ಹೆರಿಗೆಯ ಅನಂತರವೇ ಬುದ್ಧಿ ಕದಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ, ಮನೆಗೆ ಮರಳಿದವಳನ್ನು ಮತ್ತೆ ಕೆಡವುವುದು ರೋಗವಲ್ಲ, ಜನರ ನೋಟ ಮತ್ತು ಮಾತು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ಕಣ್ಣೀರಿಡದೆ ಬಂದವರು ಕಡಮೆ. ಆದರೆ ಕಣ್ಣೀರಿಟ್ಟವರೇ ಮನೆಗೆ ಬಂದು ನೆರೆಯವಳನ್ನು 'ಹುಚ್ಚು ಹಿಡಿದವಳು' ಎಂದದ್ದೂ ಉಂಟು. ಕಾದಂಬರಿಯನ್ನು ಬರೆದ ತ್ರಿವೇಣಿಯವರಾದರೋ 1963ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಈ ರೋಗ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುತ್ತದೆಯೆಂದೂ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆಯೆಂದೂ ವೈದ್ಯರು ಹೇಳುತ್ತಾರೆ. 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನಿಂದ ಅಗಲಿಸದೆ ನೋಡಿಕೊಳ್ಳುವ ಘಟಕ ಆರಂಭವಾಯಿತು. ಮನೆಯ ಹೆಂಗಸೊಬ್ಬಳೂ ಅಲ್ಲಿ ಜೊತೆಗಿರುತ್ತಾಳೆ. ನಮ್ಮ ಮುದುಕಿ ಸೂಲಗಿತ್ತಿಗೆ ಗೊತ್ತಿದ್ದುದು ಇಷ್ಟೇ: ಔಷಧಿ ಬೇಕು, ಪಕ್ಕದಲ್ಲಿ ಒಬ್ಬರು ಬೇಕು, ಕೂಸು ದೂರವಾಗಬಾರದು.

ಹಾಗಾದರೆ ಬಾಣಂತಿಕೋಣೆಯ ಮಾತಿನಲ್ಲಿ ಬಿಡತಕ್ಕದ್ದೇನು, ಉಳಿಸಿಕೊಳ್ಳತಕ್ಕದ್ದೇನು? ಇದಕ್ಕೆ ಉತ್ತರ ಜಾರ್ಖಂಡ ಮತ್ತು ಒಡಿಶಾದ ಬುಡಕಟ್ಟು ಹಳ್ಳಿಗಳಿಂದ ಬಂದಿದೆ. 2005ರಿಂದ 2008ರ ವರೆಗೆ 'ಏಕ್‌ಜುಟ್' ಎಂಬ ಸಂಸ್ಥೆ ಅಲ್ಲಿ ಹೆಂಗಸರ ಕೂಟಗಳನ್ನು ನಡೆಸಿತು. ತಿಂಗಳಿಗೊಮ್ಮೆ ಸೇರುವುದು; ಬಸಿರು, ಹೆರಿಗೆ, ಹಸುಗೂಸು ಇವುಗಳ ತೊಂದರೆಗಳನ್ನು ಕಥೆಗಳ ಮೂಲಕ, ಚಿತ್ರಗಳ ಮೂಲಕ ಚರ್ಚಿಸುವುದು; ಪರಿಹಾರವನ್ನು ತಾವೇ ಯೋಚಿಸುವುದು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ನವಜಾತ ಶಿಶುಗಳ ಮರಣ, ಕೂಟಗಳಿಲ್ಲದ ಹಳ್ಳಿಗಳಿಗಿಂತ ನೂರಕ್ಕೆ 45ರಷ್ಟು ಕಡಮೆಯಾಗಿತ್ತು. ಆ ಕೂಟಗಳಲ್ಲಿ ಮಾತಿಗೆ ಮುಖ್ಯಸ್ಥಾನವೇ ಇತ್ತು. ಆದರೆ ಹಿರಿಯಳು ಹೇಳಿದ್ದೆಂದು ಒಪ್ಪಿಕೊಳ್ಳದೆ, ಏಕೆ ಎಂದು ಕೇಳಿಕೊಂಡ ಮಾತು ಅದು.

ಹೆರಿಗೆ ಆಸ್ಪತ್ರೆಗೆ ಹೋದಾಗ ದೇಹವೊಂದೇ ಹೋಯಿತು, ಜೊತೆಗಿದ್ದ ಹೆಂಗಸರು ಬಾಗಿಲಿನ ಹೊರಗೆ ಉಳಿದರು. ಈ ತಪ್ಪೂ ಈಗ ತಿದ್ದಿಕೊಳ್ಳುತ್ತಿದೆ. ಹೆರಿಗೆಯ ಕಾಲದಲ್ಲಿ ಒಬ್ಬ ಸಂಗಾತಿ ಜೊತೆಗಿರಬಹುದೆಂದು ಭಾರತ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಸೂಚನೆ ಕೊಟ್ಟಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆರುವವಳು ತಾನೇ ಆರಿಸಿಕೊಂಡವರು ಜೊತೆಗಿರಬೇಕೆಂದು ಶಿಫಾರಸು ಮಾಡಿತು. ಜೊತೆಗೊಬ್ಬರಿದ್ದರೆ ನೋವಿನ ಅವಧಿ ತಗ್ಗುತ್ತದೆ, ಶಸ್ತ್ರಚಿಕಿತ್ಸೆಗಳು ಕಡಮೆಯಾಗುತ್ತವೆ ಎಂದು ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪರೀಕ್ಷೆಗಳು ತೋರಿಸಿದ್ದುವು. ಬಸುರಿಗೆ ಬೇಕಾದವರೇ ಸುತ್ತ ಇರಲಿ ಎಂದು ಚರಕ ಹೇಳಿದ್ದೂ ಇದನ್ನೇ.

ನನ್ನ ಹೆಂಡತಿಯ ಹೆರಿಗೆಯ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ಕಾದು ಕುಳಿತಿದ್ದೆ. ಪಕ್ಕದ ಬೆಂಚಿನ ಮೇಲೆ ಎಲ್ಲಿಯವರೋ ಒಬ್ಬ ಹಿರಿಯರು, ತಮ್ಮ ಸೊಸೆಗೆ ತಂದಿದ್ದ ಬಿಸಿನೀರಿನ ಫ್ಲಾಸ್ಕನ್ನು ಪರಿಚಯವೇ ಇಲ್ಲದ ಹುಡುಗಿಯೊಬ್ಬಳಿಗೆ ಬಗ್ಗಿಸಿ ಕೊಡುತ್ತಿದ್ದರು. "ಹೆದರಬೇಡ ಕಣಮ್ಮ, ನನ್ನ ಮಗಳಿಗೂ ಹಿಂಗೇ ಆಗಿತ್ತು" ಎಂದು ಆರಂಭಿಸಿದ ಅವರ ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಹುಡುಗಿ ನೀರು ಕುಡಿಯುತ್ತ ಕೇಳುತ್ತಿದ್ದಳು.